ಕೊಲೆಗಾರ ಸಿಕ್ಕ ಮೇಲೂ

ಕುದುರೆ ಕೆನೆಯಲಿಲ್ಲ. ಕಥೆ ಶುರುವಾಗುವುದೇ ಅಲ್ಲಿಂದ.

ಜನವರಿ ತಿಂಗಳ ಒಂದು ರಾತ್ರಿ. ಸ್ವೀಡನ್ನಿನ ದಕ್ಷಿಣ ತುದಿಯ ಒಂದು ಹಳ್ಳಿ. ವಯಸ್ಸಾದ ರೈತನೊಬ್ಬನಿಗೆ ಬೆಳಗಾಗುವ ಮುಂಚೆಯೇ ಎಚ್ಚರವಾಗುತ್ತದೆ. ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಅಂತ ಮಾತ್ರ ತಿಳಿಯುವುದಿಲ್ಲ. ಕಿವಿಗೊಟ್ಟು ಕೇಳುತ್ತಾನೆ. ಆಮೇಲೆ ಹೊಳೆಯುತ್ತದೆ: ಪಕ್ಕದ ಮನೆಯ ಕುದುರೆಯ ಸದ್ದೇ ಇಲ್ಲ. ಹೋಗಿ ನೋಡಿದರೆ ಆ ಮನೆಯ ಮುದುಕ ಸತ್ತುಬಿದ್ದಿದ್ದಾನೆ. ಅವನ ಹೆಂಡತಿಯ ಕೊರಳಿಗೆ ಹಗ್ಗ ಬಿಗಿದಿದೆ, ಇನ್ನೂ ಉಸಿರಿದೆ. ಪೊಲೀಸರು ಬರುತ್ತಾರೆ. ಲಾಯಕ್ಕೆ ಹೋಗಿ ನೋಡುತ್ತಾರೆ. ಕುದುರೆಯ ಮುಂದೆ ಹುಲ್ಲಿದೆ. ಕೊಂದವರು ಹೋಗುವ ಮುಂಚೆ ಕುದುರೆಗೆ ಮೇವು ಹಾಕಿ ಹೋಗಿದ್ದಾರೆ.

ಹೆನ್ನಿಂಗ್ ಮಾಂಕೆಲ್ ಬರೆದ 'ಫೇಸ್‌ಲೆಸ್ ಕಿಲ್ಲರ್ಸ್' ಕಾದಂಬರಿ ಹೀಗೆ ಶುರುವಾಗುತ್ತದೆ. ಸ್ವೀಡಿಷ್ ಭಾಷೆಯಲ್ಲಿ ಅದು ಬಂದಿದ್ದು 1991ರಲ್ಲಿ. ನಾನು ಓದಿದ್ದು ಅದಾಗಿ ಎಷ್ಟೋ ವರ್ಷಕ್ಕೆ, ಮಾಲ್ಮೋ ಊರಿನ ಒಂದು ಬಾಡಿಗೆ ರೂಮಿನಲ್ಲಿ. ಕೆಲಸದ ಮೇಲೆ ಹೋಗಿದ್ದೆ. ಅದು ಅಲ್ಲಿ ನನ್ನ ಮೊದಲ ಚಳಿಗಾಲ. ಡಿಸೆಂಬರಿನಲ್ಲಿ ಬೆಳಗ್ಗೆ ಎಂಟೂವರೆಗೆ ಸೂರ್ಯ ಬಂದರೆ ಮಧ್ಯಾಹ್ನ ಮೂರೂವರೆಗೆಲ್ಲಾ ಹೊರಟುಹೋಗುತ್ತಿದ್ದ. ಸಹೋದ್ಯೋಗಿಯೊಬ್ಬರು ಈ ಪುಸ್ತಕ ಕೊಟ್ಟು, "ಇಲ್ಲಿಂದ ರೈಲು ಹತ್ತಿದರೆ ಮುಕ್ಕಾಲು ಗಂಟೆ, ಈ ಕಥೆ ನಡೆಯುವ ಊರು" ಅಂದಿದ್ದರು.

ಹುಲ್ಲಿನ ವಿಷಯ ಬಂದ ಪುಟದಲ್ಲಿ ಪುಸ್ತಕ ಮಡಚಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನನಗೆ ನೆನಪಾಗಿದ್ದು ಕುದುರೆಯಲ್ಲ, ಒಂದು ಹಸು.

ಅದನ್ನು ಹೇಳುವ ಮುಂಚೆ ಇನ್ನೊಂದು ಮಾತು. ನಾನು ಪತ್ತೇದಾರಿ ಕಥೆ ಓದಿಯೇ ಕನ್ನಡ ಓದುವುದನ್ನು ಕಲಿತ ಜೀವ. ನಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿತ್ತು. ಎನ್. ನರಸಿಂಹಯ್ಯನವರ ಕಾದಂಬರಿಗಳು ಅಲ್ಲಿ ಅಂಚು ಹರಿದು, ರಟ್ಟು ಕಿತ್ತು, ದಾರ ಹಾಕಿ ಹೊಲಿದ ಸ್ಥಿತಿಯಲ್ಲಿ ಇರುತ್ತಿದ್ದವು. ಮಾವ ತಂದರೆ ಮೊದಲು ಅಜ್ಜಿ ಓದಬೇಕು, ಆಮೇಲೆ ಅಮ್ಮ, ಆಮೇಲೆ ನಾನು. ಪತ್ತೇದಾರ ಪುರುಷೋತ್ತಮ ಬಂದ ಅಂದರೆ ಮುಗಿಯಿತು, ಇನ್ನು ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ಪುಸ್ತಕಗಳ ಮೇಲೆ ನನಗೆ ಇವತ್ತಿಗೂ ಪ್ರೀತಿ. ಎಷ್ಟು ಮನೆಗಳಲ್ಲಿ ಎಷ್ಟು ಜನರಿಗೆ ಓದಿನ ರುಚಿ ಹತ್ತಿಸಿದವು! ಆದರೆ ಒಂದು ದಿನ ನಾನು ಅವುಗಳನ್ನು ಓದುವುದು ನಿಲ್ಲಿಸಿಬಿಟ್ಟೆ.

ನನಗೆ ಆಗ ಹನ್ನೆರಡು ವರ್ಷ. ಎದುರುಮನೆ ಅಕ್ಕ ಸಂಜೆ ಟೈಪಿಂಗ್ ಕ್ಲಾಸಿಗೆ ಹೋದವರು ವಾಪಸ್ ಬರಲಿಲ್ಲ. ಮೂರನೇ ದಿನ ಕೆರೆಯಲ್ಲಿ ಸಿಕ್ಕರು. ಬೀದಿಯ ತುಂಬಾ ಜನ. ಆ ಗದ್ದಲದಲ್ಲಿ ಅವರ ಮನೆಯ ಹಸು ಒಂದೇ ಸಮನೆ ಕೂಗುತ್ತಿತ್ತು. ಹಾಲು ಕರೆಯುವವರು ಇರಲಿಲ್ಲ. ನಮ್ಮಜ್ಜಿ ಯಾರಿಗೂ ಏನೂ ಹೇಳದೆ, ಜನರನ್ನು ದಾಟಿಕೊಂಡು ಹಿತ್ತಿಲಿಗೆ ಹೋಗಿ, ಹಾಲು ಕರೆದು, ಹಸುವಿಗೆ ಹುಲ್ಲು ಹಾಕಿ ಬಂದರು. ಕೂಗು ನಿಂತಿತು. ಆಗ ಒಳಗಿನ ಅಳು ಕೇಳಿಸಿತು.

ಎರಡು ವರ್ಷದ ಮೇಲೆ ಒಬ್ಬನನ್ನು ಹಿಡಿದರು. ಊರವರು "ಸದ್ಯ, ಸಿಕ್ಕಿದನಲ್ಲ" ಅಂದರು. ಮಾತು ಅಲ್ಲಿಗೆ ನಿಂತಿತು. ಆದರೆ ಅಕ್ಕನ ಅಪ್ಪ ದಿನಾ ಸಂಜೆ ಆರೂವರೆಗೆ ಜಗಲಿಗೆ ಬಂದು ಕೂರುತ್ತಿದ್ದರು. ಅದು ಟೈಪಿಂಗ್ ಕ್ಲಾಸ್ ಬಿಟ್ಟು ಅಕ್ಕ ಮನೆ ಸೇರುತ್ತಿದ್ದ ಹೊತ್ತು. ಏಳರ ತನಕ ಕೂತು ಒಳಗೆ ಹೋಗುತ್ತಿದ್ದರು. ಕೊಲೆಗಾರ ಸಿಕ್ಕ ಮೇಲೂ ಬರುತ್ತಿದ್ದರು. ನಾನು ಊರು ಬಿಡುವ ತನಕ ನೋಡಿದ್ದೇನೆ. ಪತ್ತೇದಾರ ಅಪರಾಧಿಯ ಕೈಗೆ ಕೋಳ ಹಾಕಿಸಿದ ಕೂಡಲೇ ಮುಗಿದುಹೋಗುವ ಕಥೆಗಳಲ್ಲಿ ಈ ಜಗಲಿಗೆ ಜಾಗ ಇರಲಿಲ್ಲ. ಹಾಗಾಗಿ ಓದಲಾಗಲಿಲ್ಲ.

ಇಪ್ಪತ್ತು ವರ್ಷದ ಮೇಲೆ ಮತ್ತೆ ಓದುವ ಹಾಗೆ ಮಾಡಿದ್ದು ಸ್ವೀಡನ್, ನಾರ್ವೆ, ಐಸ್‌ಲ್ಯಾಂಡ್ ಅಂತ ಆ ಉತ್ತರದ ದೇಶಗಳವರು. ಅವರ ಪುಸ್ತಕಗಳಲ್ಲಿ ಜಗಲಿ ಇದೆ.

ಇದೆಲ್ಲ ಶುರುವಾಗಿದ್ದು ಎಲ್ಲಿಂದ ಅಂತ ಕೇಳಿದರೆ ಓದುಗರು ಸಾಮಾನ್ಯವಾಗಿ 1965ಕ್ಕೆ ಹೋಗುತ್ತಾರೆ. ಮಾಯ್ ಶೋವಾಲ್ ಮತ್ತು ಪೇರ್ ವಾಲೋ. ಇಬ್ಬರೂ ಪತ್ರಿಕೆಯಲ್ಲಿ ಕೆಲಸ ಮಾಡಿದವರು, ಒಂದೇ ಮನೆಯಲ್ಲಿ ಬದುಕಿದವರು, ಎಡಪಂಥೀಯರು. ರಾತ್ರಿ ಮಕ್ಕಳನ್ನು ಮಲಗಿಸಿ, ಒಂದೇ ಮೇಜಿನ ಮುಂದೆ ಕೂತು, ಒಂದು ಅಧ್ಯಾಯ ಇವರು, ಇನ್ನೊಂದು ಅವರು ಬರೆಯುತ್ತಿದ್ದರು. ಹತ್ತು ವರ್ಷ, ಹತ್ತು ಪುಸ್ತಕ. ಮೊದಲಿನಿಂದಲೇ ಲೆಕ್ಕ ಹಾಕಿಟ್ಟುಕೊಂಡಿದ್ದರು. 1975ರಲ್ಲಿ ಹತ್ತನೆಯದು ಬಂತು, ಅದೇ ವರ್ಷ ವಾಲೋ ತೀರಿಕೊಂಡರು. ಸ್ವೀಡನ್ ಆಗ ತನ್ನನ್ನು 'ಜನರ ಮನೆ' ಅಂತ ಕರೆದುಕೊಳ್ಳುತ್ತಿತ್ತು. ಎಲ್ಲರಿಗೂ ಶಾಲೆ, ಆಸ್ಪತ್ರೆ, ಪಿಂಚಣಿ. ಆ ಮನೆಯ ಗೋಡೆಯಲ್ಲಿ ಬಿರುಕು ಎಲ್ಲೆಲ್ಲಿದೆ ಅಂತ ತೋರಿಸಬೇಕು ಅನ್ನುವುದು ಇವರಿಬ್ಬರ ಆಸೆ. ಅದಕ್ಕೆ ಪತ್ತೇದಾರಿ ಕಥೆಯನ್ನೇ ಆರಿಸಿಕೊಂಡರು. ಯಾಕೆಂದರೆ ಅದನ್ನು ಎಲ್ಲರೂ ಓದುತ್ತಾರೆ.

ಅವರ ಮೊದಲ ಪುಸ್ತಕ 'ರೋಸಾನ್ನಾ'. ಗೋಟಾ ಕಾಲುವೆಯ ಹೂಳೆತ್ತುವಾಗ ಒಬ್ಬ ಹೆಂಗಸಿನ ಹೆಣ ಸಿಗುತ್ತದೆ. ಮೈಮೇಲೆ ಬಟ್ಟೆಯಿಲ್ಲ, ಗುರುತಿಲ್ಲ, ಹೆಸರಿಲ್ಲ. ಕಾಣೆಯಾದವರ ಪಟ್ಟಿಯಲ್ಲೂ ಇಲ್ಲ. ಸ್ಟಾಕ್‌ಹೋಮಿನಿಂದ ಪೊಲೀಸ್ ಅಧಿಕಾರಿ ಮಾರ್ಟಿನ್ ಬೆಕ್ ಬರುತ್ತಾನೆ. ಅವನಿಗೆ ಹೊಟ್ಟೆ ಸರಿಯಿರುವುದಿಲ್ಲ, ನೆಗಡಿ ಬಿಡುವುದಿಲ್ಲ, ಮನೆಯಲ್ಲಿ ಮಾತು ಕಡಿಮೆಯಾಗಿದೆ. ಬಿಡುವಿದ್ದಾಗ ಪುಟ್ಟ ಹಡಗಿನ ಮಾಡೆಲ್ ಮಾಡುತ್ತಾನೆ. ಆಕೆಯ ಹೆಸರು ಗೊತ್ತಾಗುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಅಮೆರಿಕದ ನೆಬ್ರಾಸ್ಕಾದಿಂದ ಸುದ್ದಿ ಬರುತ್ತದೆ: ಲಿಂಕನ್ ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದವಳು, ರಜೆಯಲ್ಲಿ ಯೂರೋಪ್ ನೋಡಲು ಬಂದವಳು. ಆಮೇಲೆ ಅವಳ ಗೆಳತಿ, ಅವಳ ಜೊತೆ ಓಡಾಡಿದ್ದ ಗಂಡಸು ಅಲ್ಲಿನ ಪೊಲೀಸರಿಗೆ ಹೇಳಿದ್ದೆಲ್ಲ ಕಾಗದದಲ್ಲಿ ಬರುತ್ತದೆ. ಬೆಕ್ ಅದನ್ನು ಮತ್ತೆ ಮತ್ತೆ ಓದುತ್ತಾನೆ. ಅವಳು ಹೇಗೆ ಬದುಕಿದ್ದಳು, ಏನು ಇಷ್ಟ, ಯಾವುದಕ್ಕೆ ಹಟ ಮಾಡುತ್ತಿದ್ದಳು. ಕೊಂದವನನ್ನು ಹುಡುಕುವ ಮುಂಚೆ ಸತ್ತವಳ ಪರಿಚಯ ಮಾಡಿಕೊಳ್ಳುತ್ತಾನೆ.

ನನಗೆ ಇದು ದೊಡ್ಡ ವಿಷಯ. ನಮ್ಮೂರಿನಲ್ಲಿ ಅಕ್ಕ ಸತ್ತ ಮೇಲೆ ಎಲ್ಲರೂ 'ಕೆರೆ ಕೇಸು' ಅಂತಲೇ ಹೇಳುತ್ತಿದ್ದರು. ಅವರು ರಂಗೋಲಿ ಹಾಕುವಾಗ ಕೈ ಎತ್ತದೆ ಒಂದೇ ಎಳೆಯಲ್ಲಿ ಮುಗಿಸುತ್ತಿದ್ದರು, ನನಗೆ ಲೆಕ್ಕ ಹೇಳಿಕೊಡುವಾಗ ತಪ್ಪಾದರೆ ಬೈಯುತ್ತಿರಲಿಲ್ಲ. ಅದನ್ನು ಯಾರೂ ಯಾರಿಗೂ ಹೇಳಲಿಲ್ಲ. ಪೊಲೀಸರೂ ಕೇಳಲಿಲ್ಲ.

ಇನ್ನೊಂದು ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಭಾರತದ ಓದುಗರು ಓದಲೇಬೇಕಾದದ್ದು ಅಂತ ನನಗೆ ಅನ್ನಿಸುತ್ತದೆ. ನಾರ್ವೆಯ ಕಾರಿನ್ ಫೋಸುಮ್ 2000ದಲ್ಲಿ ಬರೆದದ್ದು. ಮೂಲದಲ್ಲಿ ಅದರ ಹೆಸರಿನ ಅರ್ಥ 'ಪ್ರೀತಿಯ ಪೂನಾ'. ಇಂಗ್ಲಿಷಿನಲ್ಲಿ 'ಕಾಲಿಂಗ್ ಔಟ್ ಫಾರ್ ಯು' ಅಂತ ಬಂತು. ಅಮೆರಿಕದ ಮುದ್ರಣದಲ್ಲಿ 'ದಿ ಇಂಡಿಯನ್ ಬ್ರೈಡ್'.

ಗುಂದೆರ್ ಅಂತ ಒಬ್ಬ. ಐವತ್ತು ದಾಟಿದ್ದಾನೆ. ನಾರ್ವೆಯ ಹಳ್ಳಿಯೊಂದರಲ್ಲಿ ಒಬ್ಬನೇ ಇರುತ್ತಾನೆ. ಟ್ರ್ಯಾಕ್ಟರ್, ಕಟಾವು ಯಂತ್ರ ಇಂಥವನ್ನು ಮಾರುವ ಕೆಲಸ. ನಿಧಾನಸ್ಥ, ಒಳ್ಳೆಯವನು. ಎಲ್ಲರ ಹಾಗೆ ತನಗೂ ಒಂದು ಸಂಸಾರ ಬೇಕು ಅಂತ ಆಸೆ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಮುಂಬೈಗೆ ಹೋಗುತ್ತಾನೆ. ಅಲ್ಲಿ ಹೋಟೆಲಿನಲ್ಲಿ ಊಟ ಬಡಿಸುವ ಪೂನಾಳ ಪರಿಚಯವಾಗುತ್ತದೆ. ಇಬ್ಬರೂ ಚಿಕ್ಕ ವಯಸ್ಸಿನವರಲ್ಲ, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಮದುವೆಯಾಗುತ್ತಾರೆ. ಅವನು ಮೊದಲು ವಾಪಸ್ ಬಂದು ಮನೆಯನ್ನು ಒಪ್ಪ ಮಾಡಿ ಕಾಯುತ್ತಾನೆ. ಅವಳು ಬರುವ ದಿನವೇ ಅವನ ತಂಗಿಗೆ ಕಾರು ಅಪಘಾತವಾಗುತ್ತದೆ. ಅವನು ಆಸ್ಪತ್ರೆ ಬಿಟ್ಟು ಏರ್‌ಪೋರ್ಟಿಗೆ ಹೋಗುವ ಹಾಗಿಲ್ಲ. ಊರಿನ ಟ್ಯಾಕ್ಸಿಯವನನ್ನು ಕಳಿಸುತ್ತಾನೆ. ಟ್ಯಾಕ್ಸಿಯವನಿಗೆ ಅವಳು ಸಿಗುವುದಿಲ್ಲ. ಮರುದಿನ ಊರಾಚೆಯ ಹುಲ್ಲುಗಾವಲಿನಲ್ಲಿ ಒಬ್ಬ ಭಾರತೀಯ ಹೆಂಗಸಿನ ಹೆಣ ಸಿಗುತ್ತದೆ. ಗಂಡನ ಮನೆ ಅಲ್ಲಿಂದ ಹತ್ತಿರದಲ್ಲೇ ಇತ್ತು.

ಇದನ್ನು ಓದುವಾಗ ನನ್ನ ಕೈ ತಣ್ಣಗಾಗಿತ್ತು. ಗೊತ್ತಿಲ್ಲದ ದೇಶದ ಏರ್‌ಪೋರ್ಟಿನಲ್ಲಿ ಬಾಗಿಲ ಕಡೆ ನೋಡುತ್ತಾ ನಿಲ್ಲುವುದು ಏನು ಅಂತ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು ಅಲ್ವಾ? ಮದುವೆಯಾಗಿ ಗಂಡನ ಹಿಂದೆ ಒಂಟಿಯಾಗಿ ವಿಮಾನ ಹತ್ತಿ ಹೋದ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ.

ತನಿಖೆಗೆ ಬರುವವನು ಕೊನ್ರಾದ್ ಸೇಯರ್. ಹೆಂಡತಿ ತೀರಿಕೊಂಡವನು, ಎತ್ತರದ ಆಳು, ಕಡಿಮೆ ಮಾತು. ಆದರೆ ಪುಸ್ತಕ ಅವನ ಹಿಂದೆಯೇ ಓಡುವುದಿಲ್ಲ. ಅದು ಆ ಹಳ್ಳಿಯ ಒಳಗೆ ಕೂತುಬಿಡುತ್ತದೆ. ಆ ಸಂಜೆ ಏನೋ ಕಂಡ ಹುಡುಗಿಯೊಬ್ಬಳು ಪೊಲೀಸರಿಗೆ ಫೋನ್ ಮಾಡುತ್ತಾಳೆ, ಊರು ಅವಳಿಂದ ದೂರ ಸರಿಯುತ್ತದೆ. ಎಲ್ಲರೂ ಒಳ್ಳೆಯವರೇ. ಎಲ್ಲರಿಗೂ ಗುಂದೆರ್ ಮೇಲೆ ಕನಿಕರ ಇದೆ. ಆದರೂ ನಮ್ಮ ಹುಡುಗ ಹಾಗೆ ಮಾಡಿರಲಾರ ಅನ್ನುವ ಮಾತು ಬಂದಾಗ ಊರೆಲ್ಲ ಒಂದಾಗುತ್ತದೆ. ಪುಸ್ತಕ ಮುಗಿದ ಮೇಲೂ, ಹಿಡಿದವನೇ ಕೊಂದವನಾ ಅನ್ನುವ ಅನುಮಾನ ಪೂರ್ತಿ ಹೋಗುವುದಿಲ್ಲ. ಇದಕ್ಕೆ ಕೆಲವು ಓದುಗರು ಸಿಟ್ಟಾಗುತ್ತಾರೆ. ಅಷ್ಟು ಓದಿಸಿ ಉತ್ತರ ಕೊಡದಿದ್ದರೆ ಹೇಗೆ ಅಂತ. ನನಗೆ ಸಿಟ್ಟು ಬರಲಿಲ್ಲ. ಉತ್ತರ ಸಿಕ್ಕಿದ್ದರೂ ಗುಂದೆರ್‌ಗೆ ಏನು ಮಾಡಲಾಗುತ್ತಿತ್ತು? ಅವನು ಹೆಂಡತಿಯನ್ನು ನಾರ್ವೆಯ ಮಣ್ಣಿನಲ್ಲೇ ಮಲಗಿಸುತ್ತಾನೆ. ಅವರ ಸಂಸಾರ ಅಂತ ನಡೆದದ್ದು ಭಾರತದಲ್ಲಿ ಕಳೆದ ಕೆಲವೇ ದಿನ.

ಇಷ್ಟೊಂದು ನೆಮ್ಮದಿಯ ದೇಶದವರು ಯಾಕೆ ಕೊಲೆಯ ಕಥೆ ಬರೆಯುತ್ತಾರೆ ಅಂತ ಊರಿಗೆ ಬಂದಾಗ ಗೆಳೆಯರು ಕೇಳುತ್ತಾರೆ. ಬರೆಯುವುದಷ್ಟೇ ಅಲ್ಲ, ಹಬ್ಬದ ಹಾಗೆ ಓದುತ್ತಾರೆ. ನಾರ್ವೆಯಲ್ಲಿ ಈಸ್ಟರ್ ರಜೆಗೆ ಜನ ಬೆಟ್ಟದ ಮೇಲಿನ ಮರದ ಮನೆಗಳಿಗೆ ಹೋಗುವಾಗ ಚೀಲದಲ್ಲಿ ಪತ್ತೇದಾರಿ ಕಾದಂಬರಿ ಇರಲೇಬೇಕು. 1923ರಲ್ಲಿ ಒಂದು ಪತ್ರಿಕೆಯ ಮುಖಪುಟದಲ್ಲಿ 'ಬರ್ಗನ್ ರೈಲು ರಾತ್ರಿ ಲೂಟಿಯಾಗಿದೆ' ಅಂತ ದಪ್ಪಕ್ಷರದಲ್ಲಿ ಬಂದಿತ್ತು. ನಿಜವಾದ ಸುದ್ದಿ ಅಂತ ಜನ ಗಾಬರಿಯಾದರು. ಅದು ಹೊಸ ಪುಸ್ತಕವೊಂದರ ಜಾಹೀರಾತು. ಆ ಅಭ್ಯಾಸ ಅಲ್ಲಿಂದ ಬಂತು ಅನ್ನುತ್ತಾರೆ. ಈಗ ಹಾಲಿನ ಡಬ್ಬದ ಮೇಲೂ ಈಸ್ಟರ್ ಹೊತ್ತಿಗೆ ಪುಟ್ಟ ಪತ್ತೇದಾರಿ ಕಥೆ ಅಚ್ಚು ಹಾಕುತ್ತಾರೆ.

ಚಳಿ, ಕತ್ತಲು, ಮನೆಯೊಳಗೆ ಕೂರಬೇಕಾದ ದಿನಗಳು. ಅದೂ ಒಂದು ಕಾರಣ ಇರಬಹುದು. ಆದರೆ ನನಗೆ ಐಸ್‌ಲ್ಯಾಂಡ್ ನೋಡಿದಾಗ ಬೇರೆ ಅನ್ನಿಸುತ್ತದೆ. ಇಡೀ ದೇಶದ ಜನಸಂಖ್ಯೆ ನಾಲ್ಕು ಲಕ್ಷ ಮುಟ್ಟಿಲ್ಲ. ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಟೆಲಿಫೋನ್ ಪುಸ್ತಕವನ್ನೂ ಮೊದಲ ಹೆಸರಿನ ಪ್ರಕಾರವೇ ಜೋಡಿಸುತ್ತಿದ್ದರು. ಅಂಥ ಕಡೆ ಒಂದು ಕೊಲೆ ಅಂದರೆ ಅದು ದೂರದ ಸುದ್ದಿಯಲ್ಲ. ಸತ್ತವರು ಯಾರದೋ ಜೊತೆ ಶಾಲೆಗೆ ಹೋದವರು, ಕೊಂದವನು ಯಾರದೋ ಅಣ್ಣ. ಅಲ್ಲಿ 'ಯಾರು' ಅನ್ನುವ ಪ್ರಶ್ನೆ ಬೇಗ ಮುಗಿಯುತ್ತದೆ. 'ಯಾಕೆ' ಅನ್ನುವುದು ಮುಗಿಯುವುದಿಲ್ಲ. ಒಂದು ಬೀದಿಯಲ್ಲಿ ಬೆಳೆದ ನನಗೆ ಇದು ಅರ್ಥವಾಗುತ್ತದೆ.

ಆ ದೇಶದ ಅರ್ನಾಲ್ದುರ್ ಇಂದ್ರಿದಸನ್ ಅವರ 'ಸೈಲೆನ್ಸ್ ಆಫ್ ದ ಗ್ರೇವ್' ನನಗೆ ಎಲ್ಲಕ್ಕಿಂತ ಹತ್ತಿರದ ಪುಸ್ತಕ. ಮಕ್ಕಳ ಹುಟ್ಟುಹಬ್ಬದ ಮನೆ. ತೆವಳುವ ಕೂಸೊಂದು ಏನನ್ನೋ ಕಚ್ಚುತ್ತಾ ಕೂತಿದೆ. ಅಲ್ಲಿಗೆ ಬಂದಿದ್ದ ಮೆಡಿಕಲ್ ಓದುವ ಹುಡುಗ ಅದನ್ನು ನೋಡುತ್ತಾನೆ. ಅದು ಮನುಷ್ಯನ ಮೂಳೆ. ಪಕ್ಕದ ಗುಡ್ಡದಲ್ಲಿ ಹೊಸ ಮನೆಗಳಿಗಾಗಿ ನೆಲ ಅಗೆಯುತ್ತಿದ್ದಾರೆ, ಅಲ್ಲಿಂದ ಬಂದದ್ದು. ಹಳೆಯ ಮೂಳೆ ಅಂತ ಪುರಾತತ್ವದವರನ್ನು ಕರೆಸುತ್ತಾರೆ. ಅವರು ಆತುರ ಪಡುವವರಲ್ಲ. ಒಂದೊಂದು ಪದರ ಮಣ್ಣು ಸರಿಸುತ್ತಾ ದಿನಗಟ್ಟಲೆ ತೆಗೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲೇ ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ಗುಡ್ಡದ ಮನೆಯಲ್ಲಿದ್ದ ಒಂದು ಸಂಸಾರದ ಕಥೆ ಬಿಚ್ಚಿಕೊಳ್ಳುತ್ತದೆ. ಹೆಂಡತಿಯನ್ನು ದಿನಾ ಹೊಡೆಯುವ ಗಂಡ, ನೋಡುವ ಮಕ್ಕಳು. ಮೂಳೆ ಆ ಮನೆಯವರಲ್ಲಿ ಯಾರದ್ದು ಅನ್ನುವುದು ಕೊನೆಯ ತನಕ ಗೊತ್ತಾಗುವುದಿಲ್ಲ. ಆ ಹೊಡೆತದ ಪುಟಗಳನ್ನು ಓದುವುದು ಕಷ್ಟ. ನಾನು ಎರಡು ಸಲ ನಿಲ್ಲಿಸಿ ಮತ್ತೆ ಹಿಡಿದೆ. ಆದರೆ ಒಂದು ಪುಟವೂ ರೋಚಕವಾಗಲಿ ಅಂತ ಬರೆದದ್ದಲ್ಲ. ಹೊಡೆತ ತಿಂದವಳ ಕಡೆ ನಿಂತು ಬರೆದದ್ದು.

ಅದೇ ಹೊತ್ತಿಗೆ ತನಿಖೆ ಮಾಡುವ ಎರ್ಲೆಂದುರ್‌ನ ಮಗಳು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಡ್ರಗ್ಸಿಗೆ ಬಿದ್ದ ಹುಡುಗಿ. ಅಪ್ಪ ಮಗಳ ನಡುವೆ ಮಾತೇ ಸರಿಯಿರಲಿಲ್ಲ. ಡಾಕ್ಟರು ಅವನಿಗೆ ಹೇಳುತ್ತಾರೆ, ಏನಾದರೂ ಮಾತಾಡಿ, ನಿಮ್ಮ ದನಿ ಕೇಳಿಸಲಿ. ಏನು ಮಾತಾಡಬೇಕು ಅಂತ ಅವನಿಗೆ ಗೊತ್ತಾಗುವುದಿಲ್ಲ. ಕೊನೆಗೆ ಯಾರಿಗೂ ಹೇಳದಿದ್ದ ಒಂದು ಸಂಗತಿ ಹೇಳುತ್ತಾನೆ. ಅವನು ಹುಡುಗನಾಗಿದ್ದಾಗ ತಮ್ಮನ ಜೊತೆ ಬೆಟ್ಟದಲ್ಲಿ ಹಿಮಗಾಳಿಗೆ ಸಿಕ್ಕಿಕೊಂಡದ್ದು. ತಮ್ಮನ ಕೈ ಹಿಡಿದಿದ್ದ. ಯಾವಾಗಲೋ ಆ ಕೈ ಬಿಟ್ಟುಹೋಯಿತು. ಇವನು ಸಿಕ್ಕ, ತಮ್ಮ ಸಿಗಲೇ ಇಲ್ಲ. ಹೆಣವೂ ಸಿಗಲಿಲ್ಲ. ದೊಡ್ಡವನಾದ ಮೇಲೆ ಅವನು ಮನೆಯಲ್ಲಿ ಓದುವುದೆಲ್ಲ ಬೆಟ್ಟದಲ್ಲಿ ದಾರಿ ತಪ್ಪಿ ಕಾಣೆಯಾದವರ ಹಳೆಯ ಕಥನಗಳೇ.

ಪತ್ತೇದಾರನ ದುಃಖ ಅನ್ನುವುದು ಈಗ ಒಂದು ಅಚ್ಚಿನ ಹಾಗಾಗಿದೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಕುಡಿಯುವ, ವಿಚ್ಛೇದನ ಆದ, ನಿದ್ದೆ ಬಾರದ ಪೊಲೀಸ್ ಎಲ್ಲಾ ಕಡೆ ಸಿಗುತ್ತಾನೆ. ಸ್ಟೀಗ್ ಲಾರ್ಸನ್ ಪುಸ್ತಕಗಳು ಜಗತ್ತಿನ ತುಂಬ ಮಾರಾಟವಾದ ಮೇಲೆ, ಹೊದಿಕೆಯ ಮೇಲೆ ಹಿಮ ಇರುವ ಪುಸ್ತಕಗಳ ರಾಶಿಯೇ ಬಂತು. ಲಾರ್ಸನ್ ತಮ್ಮ ಮೊದಲ ಕಾದಂಬರಿ ಅಚ್ಚಾಗುವುದನ್ನು ನೋಡಲಿಲ್ಲ, 2004ರ ನವೆಂಬರಿನಲ್ಲೇ ಹೋಗಿಬಿಟ್ಟರು. ಮರುವರ್ಷ ಅದು ಸ್ವೀಡನ್ನಿನಲ್ಲಿ ಬಂದಾಗ ಅದರ ಹೆಸರು 'ಹೆಂಗಸರನ್ನು ದ್ವೇಷಿಸುವ ಗಂಡಸರು'. ಇಂಗ್ಲಿಷಿಗೆ ಹೋಗುವಾಗ ಆ ಹೆಸರು ಹೋಗಿ, ಹಚ್ಚೆ ಹಾಕಿಸಿಕೊಂಡ ಹುಡುಗಿ ಅಂತಾಯಿತು. ತಪ್ಪು ಮಾಡಿದವರ ಮೇಲಿದ್ದ ಕಣ್ಣು ಹುಡುಗಿಯ ಬೆನ್ನಿಗೆ ತಿರುಗಿತು. ನನಗೆ ಇದು ಇವತ್ತಿಗೂ ಬೇಜಾರು. ಆಮೇಲೆ ಬಂದ ಎಷ್ಟೋ ಪುಸ್ತಕಗಳಲ್ಲಿ ಕೊಲೆಯೇ ಅಲಂಕಾರ. ಹೆಣವನ್ನು ಹೇಗೆ ವಿಚಿತ್ರವಾಗಿ ಇಟ್ಟಿದ್ದಾರೆ ಅನ್ನುವುದರಲ್ಲೇ ಪೈಪೋಟಿ. ಅವುಗಳನ್ನು ನಾನು ಅರ್ಧಕ್ಕೇ ಬಿಟ್ಟಿದ್ದೇನೆ. ಸತ್ತವರಿಗೆ ಹೆಸರು ಬಿಟ್ಟು ಬೇರೆ ಏನೂ ಇರುವುದಿಲ್ಲ ಅವುಗಳಲ್ಲಿ.

ಮಾಂಕೆಲ್ ಅವರ ಕುರ್ಟ್ ವಾಲಾಂಡರ್‌ಗೂ ದುಃಖ ಇದೆ, ನಿಜ. ಹೆಂಡತಿ ಬಿಟ್ಟುಹೋಗಿದ್ದಾಳೆ, ಸಕ್ಕರೆ ಕಾಯಿಲೆ ಬರುತ್ತದೆ, ಒಪೆರಾ ಕೇಳುತ್ತಾ ಕಾರು ಓಡಿಸುತ್ತಾನೆ. ಆದರೆ ಅವನ ಅಪ್ಪನ ಚಿತ್ರವಿದೆಯಲ್ಲ, ಅದು ಯಾವ ಅಚ್ಚಿನಿಂದಲೂ ಬಂದದ್ದಲ್ಲ. ಆ ಮುದುಕ ಚಿತ್ರ ಬರೆಯುವವನು. ಬದುಕೆಲ್ಲ ಒಂದೇ ಚಿತ್ರ ಬರೆದಿದ್ದಾನೆ. ಸಂಜೆಯ ಬೆಳಕಿನ ಕಾಡು. ಒಂದರಲ್ಲಿ ಮುಂದುಗಡೆ ಒಂದು ಕಾಡುಕೋಳಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅಷ್ಟೇ ವ್ಯತ್ಯಾಸ. ಮಗ ಪೊಲೀಸ್ ಆದದ್ದನ್ನು ಅವನು ಕೊನೆತನಕ ಕ್ಷಮಿಸುವುದಿಲ್ಲ. ಮಗ ಆಗಾಗ ಹೋಗುತ್ತಾನೆ, ಕಾಫಿ ಕುಡಿಯುತ್ತಾರೆ, ಇಸ್ಪೀಟ್ ಆಡುತ್ತಾರೆ, ಜಗಳವಾಡುತ್ತಾರೆ. ದೊಡ್ಡ ಕೇಸಿನ ಮಧ್ಯೆ ಇಂಥ ಪುಟಗಳು ಬರುತ್ತವೆ. ಅವುಗಳನ್ನು ತೆಗೆದರೂ ಕೇಸು ನಿಲ್ಲುವುದಿಲ್ಲ. ಆದರೆ ನಾನು ಆ ಪುಟಗಳಿಗಾಗಿಯೇ ಓದುತ್ತೇನೆ.

ಮೊದಲು ಹೇಳಿದ ಆ ಕುದುರೆಯ ಮನೆಯ ಮುದುಕಿ ಆಸ್ಪತ್ರೆಯಲ್ಲಿ ಸಾಯುವ ಮುಂಚೆ 'ವಿದೇಶಿ' ಅನ್ನುವ ಅರ್ಥದ ಒಂದು ಮಾತು ಹೇಳುತ್ತಾಳೆ. ಆ ಮಾತು ಹೊರಗೆ ಸೋರುತ್ತದೆ. ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ. ಸೊಮಾಲಿಯಾದಿಂದ ಬಂದ, ಇದಕ್ಕೆ ಏನೇನೂ ಸಂಬಂಧವಿಲ್ಲದ ಒಬ್ಬ ಮನುಷ್ಯನನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ಮಾಲ್ಮೋದಲ್ಲಿ ಕಂದು ಬಣ್ಣದ ಮುಖ ಹೊತ್ತು ಸಂಜೆ ಬಸ್ಸಿಗೆ ಕಾಯುತ್ತಿದ್ದ ನನಗೆ ಅದು ಬರೀ ಕಥೆಯಾಗಿರಲಿಲ್ಲ. ಮಾಂಕೆಲ್ ವರ್ಷದ ಅರ್ಧ ಭಾಗ ಮೊಜಾಂಬಿಕ್‌ನ ಮಪುಟೊದಲ್ಲಿ ಇದ್ದು ನಾಟಕ ಮಾಡಿಸುತ್ತಿದ್ದವರು. ತನ್ನ ದೇಶವನ್ನು ದೂರದಿಂದ ನೋಡಿ ಬರೆದರು. 2015ರಲ್ಲಿ ತೀರಿಕೊಂಡರು.

ಎರಡನೇ ಚಳಿಗಾಲ ಮುಗಿಯುವ ಮುಂಚೆ ಒಂದು ಶನಿವಾರ, ವಾಲಾಂಡರ್ ಕಥೆ ನಡೆಯುವ ಆ ಊರಿಗೆ ಹೋದೆ. ಈಸ್ಟಾಡ್. ಆ ಹೆಸರನ್ನು ಅಲ್ಲಿಯವರು ಹೇಳುವುದೇ ಬೇರೆ. ತುಟಿಯನ್ನು 'ಊ' ಅನ್ನುವ ಹಾಗೆ ಗುಂಡಗೆ ಮಾಡಿಕೊಂಡು 'ಈ' ಅನ್ನಬೇಕು. ಚಿಕ್ಕ ಊರು, ಮರದ ತೊಲೆ ಕಾಣುವ ಹಳೆಯ ಮನೆಗಳು, ಪೋಲೆಂಡಿಗೆ ಹೋಗುವ ದೊಡ್ಡ ಹಡಗು. ವಾಲಾಂಡರ್ ಇದ್ದ ಮರಿಯಾಗಾಟನ್ ಬೀದಿಯನ್ನು ಹುಡುಕಿಕೊಂಡು ಹೋದೆ. ಸಾಮಾನ್ಯ ಇಟ್ಟಿಗೆಯ ಮನೆಗಳು. ಒಂದು ಕಿಟಕಿಯಲ್ಲಿ ದೀಪ, ಒಂದು ಬೆಕ್ಕು.

ಆ ಊರಿನ ಚರ್ಚಿನ ಗೋಪುರದಲ್ಲಿ ಇವತ್ತಿಗೂ ಕಾವಲುಗಾರ ಇದ್ದಾನೆ. ರಾತ್ರಿ ಒಂಬತ್ತೂಕಾಲರಿಂದ ಒಂದು ಗಂಟೆಯ ತನಕ, ಹದಿನೈದು ನಿಮಿಷಕ್ಕೊಮ್ಮೆ ಕಹಳೆ ಊದುತ್ತಾನೆ. ನಾಲ್ಕೂ ದಿಕ್ಕಿಗೆ. ಎಲ್ಲಿಯೂ ಬೆಂಕಿ ಬಿದ್ದಿಲ್ಲ, ಮಲಗಿ ಅಂತ ಅರ್ಥ. ನಾನು ಚೌಕದಲ್ಲಿ ಒಂಟಿಯಾಗಿ ನಿಂತು ಕೇಳಿದೆ. ಮೊದಲು ಸಮುದ್ರದ ಕಡೆಗೋ ಏನೋ, ದೂರ ಕೇಳಿಸಿತು. ಆಮೇಲೆ ನನ್ನ ಕಡೆಗೆ ತಿರುಗಿತು. ದನಿ ದೊಡ್ಡದೇನಲ್ಲ. ಹಟ್ಟಿಯಲ್ಲಿ ದನ ಕೂಗಿದ ಹಾಗಿತ್ತು.

ಅಪ್ಪನಿಗೆ ಫೋನ್ ಮಾಡಬೇಕು ಅನ್ನಿಸಿತು. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಎದುರುಮನೆಯ ಜಗಲಿ ಈಗಲೂ ಇದೆಯಾ ಅಂತ ಕೇಳುವುದಕ್ಕೆ ಯಾರನ್ನಾದರೂ ಎಬ್ಬಿಸುವುದು ಹೇಗೆ? ಕೊನೆಯ ರೈಲಿಗೆ ಇನ್ನೂ ಟೈಮಿತ್ತು. ಕೋಟಿನ ಗುಂಡಿ ಹಾಕಿಕೊಂಡು, ಇನ್ನೊಂದು ಸಲ ಕೇಳಿಕೊಂಡೇ ಹೋಗೋಣ ಅಂತ ಅಲ್ಲೇ ನಿಂತೆ.